ಉಂಡು ಮಲಗಿದ ಮೇಲೆ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಹೆಂಗಸಂತೂ ಇರಲಾರಳು ಎಂದು ನನ್ನ ಗುಮಾನಿ. ಉಂಡು ಮಲಗಿದೊಡನೆ ಎಲ್ಲ ಸರಿಹೋಯಿತೆಂದು ಗೊರಕೆ ಹೊಡೆಯುವುದು ಗಂಡಸಿಗೆ ಸಾಧ್ಯ. ಎಷ್ಟೋ ಮನೆಗಳಲ್ಲಿ ಹೆಣ್ಣಿನ ಕಷ್ಟ ಶುರುವಾಗುವುದೇ ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಮಕ್ಕಳನ್ನು ಮಲಗಿಸಿ, ದೀಪ ಆರಿಸಿದ ಮೇಲೆ. ಆ ಕತ್ತಲೆಯಲ್ಲಿ ನಡೆಯುವ ಬಲಾತ್ಕಾರದ ಬಗ್ಗೆ ಗಾದೆ ಸುಮ್ಮನಿದೆ. ಕಾನೂನು ಸುಮ್ಮನಿಲ್ಲ, ಅದು ಮಾತಾಡುತ್ತದೆ. ಆದರೆ ಗಂಡನ ಪರವಾಗಿ ಮಾತಾಡುತ್ತದೆ.

ಮಾನವಂತ ಹೆಂಗಸರು ಓದುವ ಪುಸ್ತಕದಲ್ಲಿ ಇಂಥದನ್ನೆಲ್ಲ ಬರೆಯಬೇಕೆ ಎಂದು ಮೂಗು ಮುರಿಯುವವರು ಇರುತ್ತಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಮಾನವಂತ ಹೆಂಗಸರ ಮನೆಯೊಳಗೇ ಇದು ನಡೆಯುತ್ತಿದೆ. ನಡೆಯುವುದಕ್ಕೆ ಇಲ್ಲದ ನಾಚಿಕೆ ಬರೆಯುವುದಕ್ಕೆ ಯಾಕೆ?

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1860ರಲ್ಲಿ ಬ್ರಿಟಿಷರು ಮಾಡಿಟ್ಟಿದ್ದ ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಪರಕೀಯರ ಗುರುತು ಅಳಿಸಿ ನಮ್ಮದೇ ಕಾನೂನು ಮಾಡಿಕೊಂಡೆವೆಂದು ಆಗ ಬಹಳ ಹೇಳಿಕೊಂಡರು. ಹೊಸ ಸಂಹಿತೆಯ 63ನೆಯ ಕಲಂ ಅತ್ಯಾಚಾರವೆಂದರೆ ಏನೆಂದು ವಿವರಿಸುತ್ತದೆ. ಹೆಣ್ಣಿನ ಇಚ್ಛೆಗೆ ವಿರುದ್ಧವಾಗಿ, ಒಪ್ಪಿಗೆ ಇಲ್ಲದೆ, ಬೆದರಿಸಿ, ಮತ್ತು ಬರಿಸಿ ನಡೆಸುವ ಕೃತ್ಯಗಳೆಲ್ಲ ಅದರಲ್ಲಿ ಬರುತ್ತವೆ. ಶಿಕ್ಷೆ ಕನಿಷ್ಠ 10 ವರ್ಷ. ಓದುತ್ತ ಹೋದರೆ, ಭಲೆ, ನಮ್ಮ ಶಾಸನಕರ್ತರಿಗೆ ಹೆಣ್ಣಿನ ಸಂಕಟ ಅರ್ಥವಾಗಿದೆ ಎನ್ನಿಸುತ್ತದೆ. ಕೊನೆಯಲ್ಲಿ ಬರುತ್ತದೆ ಎರಡನೆಯ ಅಪವಾದ: 18 ವರ್ಷ ತುಂಬಿದ ಸ್ವಂತ ಹೆಂಡತಿಯ ಮೇಲೆ ಗಂಡ ನಡೆಸಿದ ಕೃತ್ಯ ಅತ್ಯಾಚಾರವಲ್ಲ. ಒಂದೇ ಸಾಲು. ಆ ಒಂದು ಸಾಲಿನಲ್ಲಿ ಈ ದೇಶದ ಕೋಟ್ಯಂತರ ಹೆಂಗಸರು ಕಾನೂನಿನ ಹೊಸ್ತಿಲಾಚೆ ನಿಂತುಬಿಟ್ಟರು.

ಗುರುತು ಅಳಿಸಿದ್ದು ಎಲ್ಲಿ ಬಂತು? ಈ ಸಾಲು ನಮ್ಮ ಋಷಿಗಳು ಬರೆದದ್ದಲ್ಲ, ನಮ್ಮ ಅಜ್ಜಿಯರು ಹೇಳಿದ್ದಲ್ಲ. ಇದರ ಬೇರು ಇಂಗ್ಲೆಂಡಿನಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಮ್ಯಾಥ್ಯೂ ಹೇಲ್ ಎಂಬ ಇಂಗ್ಲಿಷ್ ನ್ಯಾಯಾಧೀಶನಿದ್ದ. ಮದುವೆಯೆಂಬ ಒಪ್ಪಂದದಲ್ಲಿ ಹೆಂಡತಿ ತನ್ನನ್ನು ಗಂಡನಿಗೆ ಒಪ್ಪಿಸಿಕೊಂಡಿದ್ದಾಳೆ, ಅದನ್ನು ಆಮೇಲೆ ಹಿಂದಕ್ಕೆ ಪಡೆಯುವಂತಿಲ್ಲ, ಆದ್ದರಿಂದ ಗಂಡ ಅತ್ಯಾಚಾರದ ಅಪರಾಧಿಯಾಗಲಾರ ಎಂದು ಆತ ಬರೆದಿಟ್ಟ. ಆತ ಸತ್ತು ಅರವತ್ತು ವರ್ಷಗಳಾದ ಮೇಲೆ, 1736ರಲ್ಲಿ, ಆ ಪುಸ್ತಕ ಅಚ್ಚಾಯಿತು. ಈ ಮಹಾನುಭಾವನ ಇನ್ನೊಂದು ಸಾಧನೆಯೂ ದಾಖಲೆಯಲ್ಲಿದೆ. 1662ರಲ್ಲಿ ಇಬ್ಬರು ಮುದುಕಿಯರನ್ನು ಮಾಟಗಾತಿಯರೆಂದು ವಿಚಾರಣೆ ನಡೆಸಿ ಗಲ್ಲಿಗೆ ಕಳಿಸಿದವನೂ ಇವನೇ. ಮಾಟಗಾತಿಯರ ಬಗ್ಗೆ ಅವನಿಗಿದ್ದ ನಂಬಿಕೆಯನ್ನು ಜಗತ್ತು ಎಂದೋ ತಿಪ್ಪೆಗೆ ಎಸೆಯಿತು. ಹೆಂಡತಿಯರ ಬಗ್ಗೆ ಅವನಿಗಿದ್ದ ನಂಬಿಕೆಯನ್ನು ನಾವು ಮಾತ್ರ ಮಡಿಯಲ್ಲಿ ಸುತ್ತಿ ದೇವರ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇವೆ.

ಸ್ವತಃ ಇಂಗ್ಲೆಂಡ್ ಏನು ಮಾಡಿತು? 1991ರ ಅಕ್ಟೋಬರಿನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಹೇಲ್‌ನ ಮಾತಿಗೆ ಈ ಕಾಲದಲ್ಲಿ ಬೆಲೆಯಿಲ್ಲವೆಂದು ಸಾರಿತು. ಮದುವೆ ಇಬ್ಬರು ಸಮಾನರ ನಡುವಿನ ಸಂಬಂಧ, ಹೆಂಡತಿ ಗಂಡನ ಸೊತ್ತಲ್ಲ ಎಂದಿತು. ಸ್ವೀಡನ್ ಅದಕ್ಕೂ ಮೊದಲೇ, 1965ರಲ್ಲಿ, ಗಂಡನ ಈ ವಿನಾಯಿತಿ ತೆಗೆದಿತ್ತು. ಅಮೆರಿಕದಲ್ಲಿ 1976ರಲ್ಲಿ ನೆಬ್ರಾಸ್ಕ ರಾಜ್ಯ ಮೊದಲ ಹೆಜ್ಜೆ ಇಟ್ಟು, 1993ರ ಹೊತ್ತಿಗೆ ಐವತ್ತೂ ರಾಜ್ಯಗಳು ಇದನ್ನು ಅಪರಾಧವೆಂದು ಒಪ್ಪಿದವು. ಕೊಟ್ಟವನೇ ಬೇಡವೆಂದು ಬಿಸಾಡಿದ ಹಳೆಯ ಕೋಟನ್ನು ತೊಟ್ಟುಕೊಂಡು ನಾವು ನಮ್ಮ ಸಂಸ್ಕೃತಿಯ ಉಡುಗೆ ಇದು ಎನ್ನುತ್ತಿದ್ದೇವೆ!

ಇಲ್ಲಿ ನಮ್ಮ ಪಂಡಿತರು ತಕ್ಷಣ ಎದ್ದು ನಿಲ್ಲುತ್ತಾರೆ. “ಅದೆಲ್ಲ ಪಾಶ್ಚಾತ್ಯರ ಮಾತು. ಅವರಿಗೆ ಮದುವೆ ಕರಾರು, ನಮಗೆ ಸಂಸ್ಕಾರ.” ಈ ಮಾತನ್ನು ನಾನು ಕಲ್ಯಾಣ ಮಂಟಪದ ಊಟದ ಪಂಕ್ತಿಯಿಂದ ಹಿಡಿದು ವಿಚಾರಗೋಷ್ಠಿಯ ವೇದಿಕೆಯವರೆಗೆ ಎಲ್ಲ ಕಡೆ ಕೇಳಿದ್ದೇನೆ. ಹಾಗಾದರೆ ನೇಪಾಳ ಯಾವ ಪಶ್ಚಿಮದಲ್ಲಿದೆ? 2002ರಲ್ಲಿ ನೇಪಾಳ ಇನ್ನೂ ಹಿಂದೂ ರಾಷ್ಟ್ರವಾಗಿತ್ತು, ರಾಜನಿದ್ದ. ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮಹಿಳಾ ವಕೀಲರ ಸಂಘಟನೆಯೊಂದು ಹಾಕಿದ್ದ ಅರ್ಜಿಯ ಮೇಲೆ, ಹೆಂಡತಿಯ ಮೇಲಿನ ಬಲಾತ್ಕಾರವೂ ಅತ್ಯಾಚಾರವೇ ಎಂದು ತೀರ್ಪು ಕೊಟ್ಟಿತು. ಹಿಂದೂ ಧರ್ಮ ಇಂಥ ನೀಚ ಕೃತ್ಯಕ್ಕೆ ಗಂಡನಿಗೆ ಅನುಮತಿ ಕೊಟ್ಟಿದೆ ಎಂದು ಭಾವಿಸುವುದೇ ತಪ್ಪು ಎಂದಿತು. ಅಲ್ಲಿ ಮೊದಲು ಶಿಕ್ಷೆ ಕೆಲವೇ ತಿಂಗಳುಗಳದ್ದಾಗಿತ್ತು. 2018ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು ಐದು ವರ್ಷದವರೆಗೆ ಏರಿತು. ಸೀತೆ ಹುಟ್ಟಿದ ಜನಕಪುರ ತಮ್ಮಲ್ಲೇ ಇದೆ ಎನ್ನುವ ದೇಶ ಅದು. ಅಲ್ಲಿ ಸಂಸ್ಕಾರ ಹಾಳಾಗಲಿಲ್ಲ. ಇಲ್ಲಿ ಹೇಗೆ ಹಾಳಾಗುತ್ತದೆ?

ಸಿಂಗಪುರದ ಕತೆ ಇನ್ನೂ ಹತ್ತಿರದ್ದು. ಅಲ್ಲಿನ ದಂಡ ಸಂಹಿತೆ ನಮ್ಮ 1860ರ ಸಂಹಿತೆಯ ತಂಗಿ ಇದ್ದಂತೆ. ಬ್ರಿಟಿಷರು ನಮ್ಮದನ್ನೇ ಮಾದರಿಯಾಗಿಟ್ಟುಕೊಂಡು ಅದನ್ನು ಮಾಡಿದ್ದರು. ಗಂಡನ ವಿನಾಯಿತಿ ಅದರಲ್ಲೂ ಇತ್ತು. 2020ರ ಜನವರಿ 1ರಂದು ಅವರು ಅದನ್ನು ತೆಗೆದುಹಾಕಿದರು. ಜಪಾನ್ 2023ರಲ್ಲಿ ತನ್ನ ಕಾನೂನನ್ನು ತಿದ್ದಿ, ಮದುವೆಯಾಗಿರಲಿ ಇಲ್ಲದಿರಲಿ, ಒಪ್ಪಿಗೆ ಇಲ್ಲದ ಸಂಭೋಗ ಅಪರಾಧವೇ ಎಂದು ಬಿಡಿಸಿ ಬರೆಯಿತು. ಇವರೆಲ್ಲ ಕುಟುಂಬ ಬೇಡವೆಂದವರಲ್ಲ. ಹಿರಿಯರಿಗೆ ತಲೆಬಾಗುವ, ಮನೆತನದ ಮರ್ಯಾದೆಗೆ ಪ್ರಾಣ ಬಿಡುವ ಸಮಾಜಗಳೇ.

ನಮ್ಮ ದೇಶದಲ್ಲಿ ಈ ವಿನಾಯಿತಿಯ ಚರಿತ್ರೆ ಓದಿದರೆ ಮೈ ಜುಮ್ಮೆನ್ನುತ್ತದೆ. 1860ರಲ್ಲಿ ಹೆಂಡತಿಗೆ 10 ವರ್ಷ ತುಂಬಿದ್ದರೆ ಸಾಕಿತ್ತು, ಗಂಡನಿಗೆ ಪೂರ್ತಿ ಅಧಿಕಾರ. 1889ರಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಹತ್ತು-ಹನ್ನೊಂದರ ಹುಡುಗಿ ಮೂವತ್ತು ದಾಟಿದ ಗಂಡನ ಬಲಾತ್ಕಾರದಿಂದ ರಕ್ತ ಹರಿದು ಸತ್ತಳು. ಹತ್ತು ತುಂಬಿದ್ದರಿಂದ ಅದು ಅತ್ಯಾಚಾರ ಆಗಲಿಲ್ಲ. ಅಜಾಗರೂಕತೆಯ ಕೃತ್ಯವೆಂದು ಅವನಿಗೆ ಒಂದು ವರ್ಷದ ಶಿಕ್ಷೆಯಾಯಿತು. ಆ ಸಾವಿನ ನಂತರ, 1891ರಲ್ಲಿ, ವಯಸ್ಸು 12ಕ್ಕೆ ಏರಿತು. ಆಗಲೂ ಧರ್ಮ ಮುಳುಗಿತೆಂದು ದೊಡ್ಡ ದೊಡ್ಡವರು ಬೀದಿಗಿಳಿದಿದ್ದರು. 1925ರಲ್ಲಿ 13, 1940ರಲ್ಲಿ 15. ಅಲ್ಲಿಗೆ ನಿಂತದ್ದು ಎಪ್ಪತ್ತೇಳು ವರ್ಷ ಅಲುಗಾಡಲಿಲ್ಲ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು 18 ಎಂದು ಓದಬೇಕೆಂದಿತು. ಪ್ರತಿಯೊಂದು ಮೆಟ್ಟಿಲಿಗೂ ಒಂದೊಂದು ತಲೆಮಾರಿನ ಹೆಣ್ಣುಮಕ್ಕಳು ಬೆಲೆ ತೆತ್ತರು. ಈಗ ಉಳಿದಿರುವ ಪ್ರಶ್ನೆ ಇದೊಂದೇ: ಹದಿನೇಳು ವರ್ಷ ಹನ್ನೊಂದು ತಿಂಗಳಿದ್ದಾಗ ಅಪರಾಧವಾಗಿದ್ದದ್ದು, ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ ಹೇಗೆ ದಾಂಪತ್ಯ ಧರ್ಮವಾಗುತ್ತದೆ?

ನಾನು ವಕೀಲೆಯಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ನನ್ನ ಅಕ್ಷರ ದುಂಡಗಿದೆ, ಬಾಯಿ ಗುಟ್ಟು ಬಿಡುವುದಿಲ್ಲ ಎಂಬ ಎರಡೇ ಕಾರಣಕ್ಕೆ ನಮ್ಮ ಊರಿನ ಹೆಂಗಸರು ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಾರೆ. ಪಡಿತರ ಚೀಟಿಯ ಅರ್ಜಿ, ವಿಧವಾ ವೇತನದ ಅರ್ಜಿ, ಕೆಲವೊಮ್ಮೆ ಪೊಲೀಸ್ ಠಾಣೆಗೆ ಕೊಡುವ ಅರ್ಜಿ. ಈ ಕೊನೆಯದನ್ನು ಬರೆಸಲು ಬಂದವರು ಮೊದಲು ವಿಷಯ ಹೇಳುವುದೇ ಇಲ್ಲ. ನೀರು ಕುಡಿಯುತ್ತಾರೆ, ಸೆರಗಿನ ಅಂಚು ಸುತ್ತುತ್ತಾರೆ, ಹೊಡೆದ ಲೆಕ್ಕ ಹೇಳುತ್ತಾರೆ, ಕುಡಿದ ಲೆಕ್ಕ ಹೇಳುತ್ತಾರೆ. ಆಮೇಲೆ ದನಿ ತಗ್ಗಿಸಿ ‘ರಾತ್ರಿ ಕಾಟ’ ಎನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಇರುವ ಹೆಸರು ಅದೇ. ಬಾಣಂತನದ ಮೂರನೆಯ ವಾರ, ಹೊಟ್ಟೆ ಕೊಯ್ದ ಹೊಲಿಗೆ ಆರುವ ಮೊದಲೇ ಗಂಡ ಬಿಡಲಿಲ್ಲ ಎಂದು ಹೇಳಿದವಳೊಬ್ಬಳು ಕೇಳಿದ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. “ಮೇಡಂ, ಹೊಡೆದದ್ದು ಬರೀರಿ. ಬೈದದ್ದು ಬರೀರಿ. ಅದನ್ನ ಹ್ಯಾಗೆ ಬರೀತೀರಿ?” ನಾನು ಬರೆದೆ. ಬಿಡಿಸಿಯೇ ಬರೆದೆ. ಠಾಣೆಯಲ್ಲಿ ಅದನ್ನು ಓದಿದವರು ಆ ಸಾಲಿನ ಮೇಲೆ ಬೆರಳಿಟ್ಟು, “ಗಂಡ ತಾನೇ ತಾಯಿ, ಪರರೇನಲ್ಲವಲ್ಲ” ಎಂದು ನಕ್ಕರಂತೆ. ದೂರಿನಲ್ಲಿ ಹೊಡೆದದ್ದು ಉಳಿಯಿತು. ಆ ಸಾಲು ಹೋಯಿತು. ಅವಳಿಗೆ ಹೊಡೆತಕ್ಕಿಂತ ನೂರು ಪಾಲು ನೋವಾದದ್ದು ಯಾವುದೋ ಅದಕ್ಕೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ.

‘ಪರರೇನಲ್ಲವಲ್ಲ!’ ಇದನ್ನು ಠಾಣೆಯ ಮಾತೆಂದು ತಳ್ಳಿಹಾಕುವ ಹಾಗಿಲ್ಲ. 2022ರ ಮೇ 11ರಂದು ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ವಿಷಯದಲ್ಲಿ ಬೇರೆ ಬೇರೆ ತೀರ್ಪು ಬರೆದರು. ರಾಜೀವ್ ಶಕ್ಧರ್ ಅವರು ಗಂಡನ ವಿನಾಯಿತಿ ಸಂವಿಧಾನಕ್ಕೆ ವಿರುದ್ಧ, ಅದು ಹೋಗಬೇಕು ಎಂದರು. ಸಿ. ಹರಿಶಂಕರ್ ಅವರು ಅದು ಇರಬೇಕು ಎಂದರು. ಗಂಡನಿಗೆ ಹೆಂಡತಿಯಿಂದ ನ್ಯಾಯವಾದ ನಿರೀಕ್ಷೆ ಇರುತ್ತದೆ, ಅಪರಿಚಿತನ ಕೃತ್ಯಕ್ಕೂ ಗಂಡನ ಕೃತ್ಯಕ್ಕೂ ಹೋಲಿಕೆ ಸಲ್ಲದು ಎಂಬುದು ಅವರ ತರ್ಕದ ಸಾರ. ಇದಕ್ಕೆ ಉತ್ತರವನ್ನು ನಾನು ಕಾನೂನು ಪುಸ್ತಕದಲ್ಲಿ ಹುಡುಕುವುದಿಲ್ಲ. ದಾರಿಹೋಕನೊಬ್ಬ ಅತ್ಯಾಚಾರ ಮಾಡಿದರೆ ಅವಳು ಓಡಿ ಮನೆ ಸೇರಬಹುದು, ಬಾಗಿಲು ಹಾಕಿಕೊಳ್ಳಬಹುದು. ಮನೆಯೊಳಗೇ, ಬಾಗಿಲು ಹಾಕಿಕೊಂಡೇ ಮಾಡುವವನಿಂದ ಅವಳು ಓಡುವುದು ಎಲ್ಲಿಗೆ? ಬೆಳಿಗ್ಗೆ ಎದ್ದು ಅವನಿಗೇ ಕಾಫಿ ಕೊಡಬೇಕು, ಅವನ ಅಂಗಿಗೇ ಇಸ್ತ್ರಿ ಹಾಕಬೇಕು, ಮತ್ತೆ ಸಂಜೆಯಾಗುವುದನ್ನೇ ನೋಡಬೇಕು. ಪರರಲ್ಲ ಎಂಬುದರಿಂದ ನೋವು ಕಡಿಮೆಯಾಗುವುದಿಲ್ಲ, ದಿನದಿನವೂ ಆಗುತ್ತದೆ.

ನಮ್ಮ ಕರ್ನಾಟಕದ ಬಗ್ಗೆ ಹೆಮ್ಮೆಪಡುವಂಥದೂ ಇದೆ, ತಲೆ ತಗ್ಗಿಸುವಂಥದೂ ಇದೆ. ದೆಹಲಿಯ ತೀರ್ಪಿಗಿಂತ ಮೊದಲೇ, 2022ರ ಮಾರ್ಚ್ 23ರಂದು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಹೆಂಡತಿಯ ದೂರಿನ ಮೇಲೆ ಗಂಡನ ವಿರುದ್ಧ ಹೂಡಿದ್ದ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ಒಪ್ಪಲಿಲ್ಲ. ಕೃತ್ಯ ಕೃತ್ಯವೇ, ಅತ್ಯಾಚಾರ ಅತ್ಯಾಚಾರವೇ, ಮಾಡಿದವನು ಗಂಡನೆಂಬ ಕಾರಣಕ್ಕೆ ಬೇರೆಯಾಗದು ಎಂದರು. ಆ ಗಂಡ ಸುಪ್ರೀಂ ಕೋರ್ಟಿಗೆ ಹೋದ, ಜುಲೈಯಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷದ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರ ಹೈಕೋರ್ಟಿನ ತೀರ್ಪನ್ನೇ ಬೆಂಬಲಿಸಿ ಪ್ರಮಾಣಪತ್ರ ಸಲ್ಲಿಸಿತು. ಇದು ಹೆಮ್ಮೆ. ಇನ್ನು ತಲೆ ತಗ್ಗಿಸಬೇಕಾದದ್ದು: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದೆವೆಂದು ಹೇಳಿದವರು ದೇಶದಲ್ಲಿ ಶೇಕಡ 29.3, ಕರ್ನಾಟಕದಲ್ಲಿ ಶೇಕಡ 44.4. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇಕಡ 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಹೌದೋ, ತಜ್ಞರು ಚರ್ಚಿಸಲಿ. ನೂರಕ್ಕೆ ನಲವತ್ತನಾಲ್ಕು ಮನೆ ಎಂದರೆ ನಮ್ಮ ಬೀದಿಯ ಮನೆಗಳನ್ನು ನಾನೂ ಎಣಿಸಿಕೊಳ್ಳುತ್ತೇನೆ, ನೀವೂ ಎಣಿಸಿಕೊಳ್ಳಿ.

ಇಷ್ಟಾದ ಮೇಲೆ ಕೇಂದ್ರ ಸರ್ಕಾರ ಏನೆಂದಿತು? 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ, ಮದುವೆ ಹೆಂಡತಿಯ ಒಪ್ಪಿಗೆಯನ್ನು ಇಲ್ಲವಾಗಿಸುವುದಿಲ್ಲ, ಬಲಾತ್ಕಾರ ತಪ್ಪೇ ಹೌದು, ಆದರೆ ಅದನ್ನು ಅತ್ಯಾಚಾರವೆಂದು ಕರೆಯುವುದು ಅತಿ ಕಠಿಣವಾಗುತ್ತದೆ, ಬೇರೆ ಕಾನೂನುಗಳು ಇದಕ್ಕೆ ಸಾಕು ಎಂದಿತು. ವಿಚಾರಣೆ ಶುರುವಾಗಿ, ಮುಖ್ಯ ನ್ಯಾಯಮೂರ್ತಿಗಳ ನಿವೃತ್ತಿ ಹತ್ತಿರ ಬಂದುದರಿಂದ ಅದೇ ತಿಂಗಳಲ್ಲಿ ಮುಂದೂಡಿಕೆಯೂ ಆಯಿತು. ಕಳ್ಳತನ ತಪ್ಪೇ ಹೌದು, ಆದರೆ ಅಳಿಯ ಮಾಡಿದರೆ ಕಳ್ಳತನ ಎನ್ನುವುದು ಕಠಿಣ ಎಂದು ಯಾವ ಸರ್ಕಾರವಾದರೂ ಹೇಳೀತೆ?

ಬೇರೆ ಕಾನೂನು ಇದೆಯಂತೆ. ಇದೆ, ಇಲ್ಲವೆನ್ನುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಲ್ಲಿ ಲೈಂಗಿಕ ದೌರ್ಜನ್ಯದ ಮಾತಿದೆ. ಅದರಿಂದ ರಕ್ಷಣೆಯ ಆದೇಶ ಸಿಗುತ್ತದೆ, ಮನೆಯಲ್ಲಿ ಇರುವ ಹಕ್ಕು ಸಿಗುತ್ತದೆ, ಜೀವನಾಂಶ ಸಿಗುತ್ತದೆ. ಹೆಂಗಸರು ಅದನ್ನು ಅವಶ್ಯ ಬಳಸಬೇಕು. ಆದರೆ ನಡೆದ ಕೃತ್ಯಕ್ಕೆ ಶಿಕ್ಷೆ ಅದರಲ್ಲಿಲ್ಲ. ಕ್ರೌರ್ಯದ ಕಲಂ ಇದೆ, ಅದಕ್ಕೆ ಹೆಚ್ಚೆಂದರೆ ಮೂರು ವರ್ಷ. ಬೇರೆ ವಾಸವಾಗಿರುವ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದರೆ ಎರಡರಿಂದ ಏಳು ವರ್ಷ. ಅಂದರೆ ಒಂದೇ ಸೂರಿನ ಕೆಳಗೆ ಇರುವವರೆಗೆ ಅವಳ ಮೈ ಅವನದು, ಟ್ರಂಕು ಹಿಡಿದು ತವರಿಗೆ ಬಂದ ಮೇಲೆ ಅರ್ಧದಷ್ಟು ಅವಳದು! ಇನ್ನೂ ವಿಚಿತ್ರ ಕೇಳಿ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಗರ್ಭಪಾತದ ಕಾನೂನಿನ ಮಟ್ಟಿಗೆ ಅತ್ಯಾಚಾರವೆಂದರೆ ಗಂಡನ ಅತ್ಯಾಚಾರವೂ ಸೇರುತ್ತದೆ ಎಂದಿತು. ಒಳ್ಳೆಯ ತೀರ್ಪು. ಆದರೆ ಪರಿಣಾಮ ನೋಡಿ. ಗಂಡನ ಬಲಾತ್ಕಾರದಿಂದ ಬಸಿರಾದರೆ ಅದನ್ನು ಕಳೆದುಕೊಳ್ಳುವಾಗ ಅದು ಅತ್ಯಾಚಾರ. ಅದೇ ಹೆಂಗಸು ಆಸ್ಪತ್ರೆಯಿಂದ ಎದ್ದು ಠಾಣೆಗೆ ಹೋದರೆ ಅದು ಅತ್ಯಾಚಾರ ಅಲ್ಲ.

ಈ ವಿನಾಯಿತಿ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಛತ್ತೀಸಗಢದ ಒಂದು ಪ್ರಕರಣ ಸಾಕು. ಗಂಡನ ಅಸ್ವಾಭಾವಿಕ ಬಲಾತ್ಕಾರದ ನಂತರ ಹೆಂಗಸೊಬ್ಬಳು 2017ರಲ್ಲಿ ಆಸ್ಪತ್ರೆಯಲ್ಲಿ ಸತ್ತಳು. ಸಾಯುವ ಮೊದಲು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಿದ್ದಳು. ಕೆಳಗಿನ ಕೋರ್ಟು ಗಂಡನಿಗೆ 10 ವರ್ಷ ಶಿಕ್ಷೆ ವಿಧಿಸಿತ್ತು. 2025ರ ಫೆಬ್ರವರಿ 10ರಂದು ಹೈಕೋರ್ಟು ಅವನನ್ನು ಬಿಡುಗಡೆ ಮಾಡಿತು. ಹೆಂಡತಿಗೆ ವಯಸ್ಸಾಗಿತ್ತು, ಒಪ್ಪಿಗೆಯ ಪ್ರಶ್ನೆ ಏಳುವುದಿಲ್ಲ ಎಂದಿತು. ಫೂಲ್‌ಮಣಿ ಸತ್ತು ನೂರಮೂವತ್ತೈದು ವರ್ಷಗಳಾಗಿದ್ದವು. ಫೂಲ್‌ಮಣಿಯ ಗಂಡನಿಗೆ ಒಂದು ವರ್ಷವಾದರೂ ಆಗಿತ್ತು.

ಹೊರಗಿನ ಜಗತ್ತು ಇದೇ ಹೊತ್ತಿಗೆ ಎಲ್ಲಿತ್ತು ಗೊತ್ತೆ? ಫ್ರಾನ್ಸಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರ ಮೇಲೆ, ಅವರು ವರ್ಷಗಟ್ಟಲೆ ಗಂಡನಿಗೆ ಮೈ ಕೊಡಲು ನಿರಾಕರಿಸಿದರೆಂದು, ತಪ್ಪು ಅವರದೇ ಎಂದು ವಿಚ್ಛೇದನ ಕೊಟ್ಟಿದ್ದರು. ಆಕೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲು ತಟ್ಟಿದರು. 2025ರ ಜನವರಿ 23ರಂದು ಆ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು. ಮದುವೆಗೆ ಒಪ್ಪಿದ್ದು ಮುಂದಿನ ಎಲ್ಲ ರಾತ್ರಿಗಳಿಗೆ ಒಪ್ಪಿದಂತಲ್ಲ ಎಂಬುದು ಅದರ ತಿರುಳು. ಅದಕ್ಕೂ ಒಂದು ತಿಂಗಳು ಮೊದಲು, 2024ರ ಡಿಸೆಂಬರ್ 19ರಂದು, ಅದೇ ದೇಶದ ಆವಿಞೊ ಊರಿನ ಕೋರ್ಟು ಜಿಸೆಲ್ ಪೆಲಿಕೋ ಎಂಬಾಕೆಯ ಗಂಡನಿಗೆ 20 ವರ್ಷ ಸಜೆ ವಿಧಿಸಿತ್ತು. ಹೆಂಡತಿಗೆ ಗೊತ್ತಿಲ್ಲದೆ ಮತ್ತಿನ ಔಷಧಿ ಕೊಟ್ಟು, ತಾನೂ ಅತ್ಯಾಚಾರ ಮಾಡಿ, ಹತ್ತಾರು ಗಂಡಸರನ್ನು ಕರೆಸಿ ಮಾಡಿಸಿದವನು ಅವನು. ಅವನೂ ಸೇರಿ 51 ಮಂದಿಗೆ ಶಿಕ್ಷೆಯಾಯಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಲಿ ಎಂದು ಕೇಳುವ ಹಕ್ಕು ಆಕೆಗಿತ್ತು. ಆಕೆ ಬೇಡವೆಂದರು. ನಾಚಿಕೆ ಪಡಬೇಕಾದವರು ನಾವಲ್ಲ, ಅವರು ಎಂದು ಎಲ್ಲರೆದುರು ತಲೆಯೆತ್ತಿ ಕೂತರು. 2025ರ ಅಕ್ಟೋಬರಿನಲ್ಲಿ ಫ್ರೆಂಚ್ ಸಂಸತ್ತು ಅತ್ಯಾಚಾರದ ವ್ಯಾಖ್ಯೆಯೊಳಗೆ ‘ಒಪ್ಪಿಗೆ’ ಎಂಬ ಪದವನ್ನೇ ಸೇರಿಸಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂದು ದೇಶದ ಕಾನೂನನ್ನು ಅಲುಗಾಡಿಸಿದರು.

ನಮ್ಮ ಕಡೆ ಇದಕ್ಕೆ ಪೂರ್ತಿ ತಿರುವುಮುರುವು. ಹೆಂಡತಿ ಸಕಾರಣವಿಲ್ಲದೆ ಬಹುಕಾಲ ನಿರಾಕರಿಸಿದರೆ ಅದು ಮಾನಸಿಕ ಕ್ರೌರ್ಯವಾಗಬಹುದು ಎಂದು 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಿಂದೂ ವಿವಾಹ ಕಾಯಿದೆಯ 9ನೆಯ ಕಲಮಿನ ಪ್ರಕಾರ ಬಿಟ್ಟುಹೋದ ಹೆಂಡತಿ ಸಂಸಾರಕ್ಕೆ ಮರಳಬೇಕೆಂದು ಗಂಡ ಡಿಕ್ರಿ ತರಬಹುದು. ಹೆಂಡತಿಯೂ ತರಬಹುದು ನಿಜ, ಆದರೆ ಮರಳಿ ಹೋದ ಮನೆಯಲ್ಲಿ ಯಾರ ಮೈ ಯಾರ ಕೈಗೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇದೂ ಇಂಗ್ಲೆಂಡಿನ ಸರಕೇ. ಅವರು ಅದನ್ನು 1970ರಲ್ಲೇ ರದ್ದು ಮಾಡಿದರು. ಇದೇ ಬಗೆಯ ದಾವೆಯಲ್ಲಿ 1887ರಲ್ಲಿ ಮುಂಬಯಿಯ ರುಖ್ಮಾಬಾಯಿಗೆ ಗಂಡನ ಮನೆಗೆ ಹೋಗು, ಇಲ್ಲದಿದ್ದರೆ ಆರು ತಿಂಗಳು ಜೈಲು ಎಂದು ಕೋರ್ಟು ಆಜ್ಞೆ ಮಾಡಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆ ಮಾಡಿದ್ದ ಆಕೆ ಜೈಲೇ ಆದೀತು ಎಂದರು. ಮರುವರ್ಷ ರಾಜಿಯಾಗಿ ಬಿಡುಗಡೆ ಸಿಕ್ಕಿತು. ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದು ಸೂರತ್ತಿನಲ್ಲಿ ಸಾವಿರಾರು ಹೆಂಗಸರಿಗೆ ಹೆರಿಗೆ ಮಾಡಿಸಿದರು. ಆಕೆಯನ್ನೂ ಪಾಶ್ಚಾತ್ಯ ಎನ್ನೋಣವೆ?

ಇನ್ನು ಅತ್ಯಂತ ಗಟ್ಟಿಯಾಗಿ ಕೇಳುವ ಆಕ್ಷೇಪಣೆ: “ಸುಳ್ಳು ಕೇಸು ಹಾಕುತ್ತಾರೆ.” ಹಾಕುವವರು ಇರಬಹುದು. ಆಸ್ತಿಯ ಜಗಳದಲ್ಲಿ ಸುಳ್ಳು ಕೇಸು ಹಾಕುವವರಿಲ್ಲವೆ? ಕೊಲೆಯ ಕೇಸಿನಲ್ಲಿ ನಿರಪರಾಧಿಯ ಹೆಸರು ಸೇರಿಸುವವರಿಲ್ಲವೆ? ಅದಕ್ಕಾಗಿ ಕೊಲೆಯ ಕಲಂ ತೆಗೆದುಬಿಡಿ ಎಂದು ಯಾರೂ ಹೇಳಿಲ್ಲ. ಸುಳ್ಳು ದೂರಿಗೆ ಶಿಕ್ಷೆ ಕಾನೂನಿನಲ್ಲೇ ಇದೆ. ಸಾಕ್ಷಿ ಇಲ್ಲದೆ ಶಿಕ್ಷೆಯಾಗದು ಎಂಬುದು ಗಂಡನಿಗೂ ಅನ್ವಯಿಸುತ್ತದೆ. “ಮಲಗುವ ಕೋಣೆಯಲ್ಲಿ ಸಾಕ್ಷಿ ಯಾರು?” ಎಂದು ಕೇಳುತ್ತಾರೆ. ಅಡುಗೆಮನೆಯಲ್ಲಿ ಸಾಕ್ಷಿ ಯಾರಿದ್ದರು? ಸ್ಟೌ ಸಿಡಿದು ಸೊಸೆ ಸತ್ತಳು ಎಂದು ನಮ್ಮ ಕಾಲದ ಪತ್ರಿಕೆಗಳಲ್ಲಿ ದಿನಾ ಓದುತ್ತಿದ್ದೆವು. ಎಲ್ಲ ಸ್ಟೌಗಳೂ ಸೊಸೆಯರು ಪಂಪು ಹೊಡೆದಾಗಲೇ ಯಾಕೆ ಸಿಡಿಯುತ್ತವೆ ಎಂದು ಕೇಳಿ ಕೇಳಿ, 1980ರ ದಶಕದಲ್ಲಿ ವರದಕ್ಷಿಣೆ ಸಾವಿನ ಕಲಂ ಬಂತು. ನಾಲ್ಕು ಗೋಡೆಯ ನಡುವಿನ ಅಪರಾಧ ಎಂಬ ಕಾರಣಕ್ಕೆ ಅಂದು ಕೈಚೆಲ್ಲಿದ್ದರೆ?

“ಕುಟುಂಬ ಒಡೆಯುತ್ತದೆ” ಎಂಬುದು ಮತ್ತೊಂದು. ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲಿ ಗಂಡನ ವಿನಾಯಿತಿ ತೆಗೆಯಬೇಕೆಂದು ಶಿಫಾರಸು ಮಾಡಿದಾಗ, ಸಂಸತ್ತಿನ ಸ್ಥಾಯಿ ಸಮಿತಿ ಇದರಿಂದ ಇಡೀ ಕುಟುಂಬ ವ್ಯವಸ್ಥೆ ಒತ್ತಡಕ್ಕೆ ಸಿಲುಕುತ್ತದೆ ಎಂದು ಅದನ್ನು ಬದಿಗಿಟ್ಟಿತು. ಸ್ವಾಮಿ, ಹೆಂಡತಿಯ ಬಾಯಿಗೆ ಬಟ್ಟೆ ತುರುಕಿದರೆ ಮಾತ್ರ ನಿಲ್ಲುವ ಕುಟುಂಬ ಆಗಲೇ ಒಡೆದಿದೆ. ಸದ್ದು ಹೊರಗೆ ಬಂದಿಲ್ಲ, ಅಷ್ಟೆ. ಒಳ್ಳೆಯ ಗಂಡನಿಗೆ ಈ ಕಾನೂನಿನಿಂದ ನಷ್ಟವಾಗುವುದು ಏನೂ ಇಲ್ಲ. ಕಳ್ಳತನದ ಕಾನೂನು ಇದೆಯೆಂದು ಸಭ್ಯನೊಬ್ಬ ರಾತ್ರಿ ನಿದ್ದೆಗೆಡುವುದಿಲ್ಲ.

ಸಂಸ್ಕಾರದ ಮಾತನ್ನೂ ನೋಡಿಬಿಡೋಣ. ನಮ್ಮ ಮದುವೆಗಳಲ್ಲಿ ಧರ್ಮ, ಅರ್ಥ, ಕಾಮಗಳಲ್ಲಿ ‘ನಾತಿಚರಾಮಿ’ ಎಂದು, ಅಂದರೆ ಮೀರಿ ನಡೆಯುವುದಿಲ್ಲ ಎಂದು ಅಗ್ನಿಸಾಕ್ಷಿಯಾಗಿ ಮಾತು ಕೊಡುವವನು ವರ. ಕಾಮದ ವಿಷಯದಲ್ಲೂ ಮೀರಲಾರೆ ಎಂದು ಬಾಯಿಬಿಟ್ಟು ಹೇಳಿದವನು ಅವನೇ. ಆ ಮಾತು ತಪ್ಪಿದವನಿಗೆ ರಕ್ಷಣೆ, ನಂಬಿ ಕೈಹಿಡಿದವಳಿಗೆ ಬುದ್ಧಿವಾದ! ಮೂರು ಸಲ ಮಾತು ತಪ್ಪಿದ ಕೌಶಿಕನನ್ನು ಬಿಟ್ಟು ಮಹಾದೇವಿ ಹೊರಟಳೆಂದು ಹರಿಹರನ ರಗಳೆ ಹೇಳುತ್ತದೆ. ಅವಳನ್ನು ಎಂಟು ಶತಮಾನಗಳಿಂದ ಅಕ್ಕ ಎಂದು ಪೂಜಿಸುವ ನಾಡು ಇದು. ನಮ್ಮ ಮನೆಯ ಮಗಳು ಅದೇ ಕಾರಣಕ್ಕೆ ಗಂಡನ ಮನೆ ಬಿಟ್ಟು ಬಂದರೆ ಮರುದಿನದ ಬಸ್ಸಿಗೆ ಹತ್ತಿಸಿ ವಾಪಸು ಕಳಿಸುತ್ತೇವೆ.

ಕಾನೂನು ಬಂದೊಡನೆ ಎಲ್ಲ ನೆಟ್ಟಗಾಗುತ್ತದೆಂಬ ಭ್ರಮೆ ನನಗಿಲ್ಲ. ಗಂಡ ಜೈಲಿಗೆ ಹೋದರೆ ಅಕ್ಕಿ ತರುವವರು ಯಾರು ಎಂದು ಹೆದರಿ ದೂರು ಕೊಡದವರೇ ಹೆಚ್ಚು ಇರುತ್ತಾರೆ. ಅವರಿಗೆ ಇರಲು ಜಾಗ ಬೇಕು, ದುಡಿಮೆ ಬೇಕು, ನಗದೆ ಕೇಳಿಸಿಕೊಳ್ಳುವ ಠಾಣೆ ಬೇಕು. ಶಿಕ್ಷೆ ಎಷ್ಟು ವರ್ಷ ಇರಬೇಕೆಂಬುದನ್ನು ಬೇಕಾದರೆ ಸಂಸತ್ತು ಕೂತು ಚರ್ಚಿಸಲಿ. ನೇಪಾಳ ತನ್ನದೇ ಅಳತೆ ಕಂಡುಕೊಂಡಿತಲ್ಲ. ಆದರೆ ಅಪರಾಧವನ್ನು ಅಪರಾಧವೆಂದು ಕರೆಯುವುದಕ್ಕೆ ಚರ್ಚೆ ಬೇಕಿಲ್ಲ. ಕಾನೂನಿನಲ್ಲಿ ಒಂದು ಹೆಸರಿದ್ದರೆ, ಠಾಣೆಗೆ ಹೋಗದ ಹೆಂಗಸಿಗೂ ತನಗಾದದ್ದು ಹಣೆಬರಹವಲ್ಲ, ಅನ್ಯಾಯ ಎಂದು ತಿಳಿಯುತ್ತದೆ. ಗಂಡನಿಗೂ ತಿಳಿಯುತ್ತದೆ. ಅವನ ತಾಯಿಗೂ ತಿಳಿಯುತ್ತದೆ.

ಆದ್ದರಿಂದ ನನ್ನ ಬೇಡಿಕೆ ಎರಡು. 63ನೆಯ ಕಲಮಿನ ಎರಡನೆಯ ಅಪವಾದ ಹೋಗಬೇಕು. ಸುಪ್ರೀಂ ಕೋರ್ಟು ತೆಗೆಯಲಿ, ಸಂಸತ್ತು ತೆಗೆಯಲಿ, ಇನ್ನೂ ನೂರು ವರ್ಷ ಕಾಯುವ ತಾಳ್ಮೆ ನಮಗಿಲ್ಲ. ಇನ್ನೊಂದು ಬೇಡಿಕೆ ನಿಮ್ಮಲ್ಲಿ. ಮಹಿಳಾ ಸಮಾಜದ ಮುಂದಿನ ಸಭೆಯಲ್ಲಿ ರಂಗೋಲಿ ಸ್ಪರ್ಧೆಯ ಬಹುಮಾನ ಹಂಚಿದ ಮೇಲೆ ಅರ್ಧ ಗಂಟೆ ಈ ಕಲಂ ಓದಿ, ಮಾತಾಡಿ. ಮತ ಕೇಳಲು ಬಾಗಿಲಿಗೆ ಬಂದವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ. ಮಗನಿಗೆ ಹೆಣ್ಣು ನೋಡಲು ಹೊರಡುವ ಮೊದಲು, ಬೇಡ ಎಂದರೆ ಬೇಡ ಎಂದೇ ಅರ್ಥ ಎಂಬುದನ್ನು ಅವನಿಗೆ ತಾಯಿಯಾಗಿ ನೀವೇ ಹೇಳಿ. ರಾತ್ರಿ ಕಾಟ ಎಂದು ಮಗಳು ದನಿ ತಗ್ಗಿಸಿ ಹೇಳಿದ ದಿನ ‘ಹೊಂದಿಕೊಂಡು ಹೋಗಮ್ಮ’ ಎಂಬ ಮಾತು ನಿಮ್ಮ ಬಾಯಿಂದ ಬಾರದಿರಲಿ.